ಕನ್ಸರ್ಟ್ ಟಿಕೆಟ್ ತೆಗೆಯುವ ಮುಂಚೆ: ಮುಂದೆ ನಿಲ್ಲಬೇಕಾ, ಹಿಂದೆ ಕೂರಬೇಕಾ?

ನನ್ನ ಗೆಳತಿಯ ಮಗಳು ಮೊನ್ನೆ ಫೋನ್ ಮಾಡಿದ್ದಳು. ಅವಳಿಗೆ ಪ್ರಾಣವಾದ ಒಂದು ಬ್ಯಾಂಡ್‌ನ ಕನ್ಸರ್ಟ್ ಇದೆಯಂತೆ. ಲೈವ್ ಆಗಿ ಕೇಳಲು ಹೋಗುತ್ತಿರುವುದು ಇದೇ ಮೊದಲು. "ಆಂಟಿ, ನಾಲ್ಕು ಥರದ ಟಿಕೆಟ್ ಇದೆ. ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ, ಎಲ್ಲಕ್ಕಿಂತ ಮುಂದಿಂದೇ ತಗೊಳ್ಳಲಾ?" ಎಂದಳು. ಸ್ವಲ್ಪ ತಡಿ ಪುಟ್ಟಾ ಎಂದೆ. ಆಮೇಲೆ ಒಂದು ಗಂಟೆ ಮಾತಾಡಿದೆವು. ಆ ಮಾತನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಮೊದಲ ಕನ್ಸರ್ಟ್‌ನಲ್ಲಿ ನಾನೂ ಮುಂದೆಯೇ ನಿಂತಿದ್ದೆ. ಮೂರು ಗಂಟೆ ಮೊದಲೇ ಹೋಗಿ ಕ್ಯೂನಲ್ಲಿ ನಿಂತು, ಓಡಿ ಹೋಗಿ ಸ್ಟೇಜಿನ ಎದುರಿನ ಕಂಬಿ ಹಿಡಿದುಕೊಂಡಿದ್ದೆ. ಹಾಡುಗಾರನ ಹಣೆಯ ಬೆವರು ಕಾಣುತ್ತಿತ್ತು. ಆದರೆ ಅವನು ಹಾಡಿದ್ದು ಕೇಳಿಸಲಿಲ್ಲ! ಡ್ರಮ್ ಎದೆಗೆ ಗುದ್ದುತ್ತಿತ್ತು, ಎಡಗಡೆಯ ಗಿಟಾರ್ ಕಿವಿಗೆ ಬಡಿಯುತ್ತಿತ್ತು. ಹಾಡಿನ ಮಾತುಗಳು ಎಲ್ಲೋ ಮೇಲೆ ಹಾರಿ ಹೋಗುತ್ತಿದ್ದವು. ತಡವಾಗಿ ಬಂದ ನನ್ನ ಅಣ್ಣ ಸಭಾಂಗಣದ ನಡುವೆ, ಸೌಂಡ್ ಇಂಜಿನಿಯರ್ ಕೂರುವ ಜಾಗದ ಪಕ್ಕ ನಿಂತಿದ್ದ. ಮನೆಗೆ ಬರುವಾಗ ಅವನು ಒಂದೊಂದು ಹಾಡಿನ ಒಂದೊಂದು ಸಾಲನ್ನೂ ನೆನೆಸಿಕೊಂಡು ಹೇಳುತ್ತಿದ್ದ. ನನಗೆ ಎರಡು ದಿನ ಕಿವಿ ಗುಂಯ್ ಎನ್ನುತ್ತಿತ್ತು, ಅಷ್ಟೇ.

ಒಂದೇ ಕನ್ಸರ್ಟ್, ಒಂದೇ ರಾತ್ರಿ. ನಾವಿಬ್ಬರೂ ಕೇಳಿದ್ದು ಬೇರೆ ಬೇರೆ. ನಾವು ಯಾರ ಹಾಡು ಎಂದು ಮಾತ್ರ ನೋಡಿ ಟಿಕೆಟ್ ತೆಗೆಯುತ್ತೇವೆ. ಎಂಥ ಜಾಗ, ಆ ಜಾಗದಲ್ಲಿ ನಾವೆಲ್ಲಿ ಎಂದು ಯೋಚಿಸುವುದೇ ಇಲ್ಲ. ಅದಕ್ಕೆ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ನಾನು ಹೋಗುತ್ತಿರುವುದು ಕಲಾವಿದರನ್ನು ಹತ್ತಿರದಿಂದ ನೋಡಲಿಕ್ಕಾ, ಸಂಗೀತವನ್ನು ಚೆನ್ನಾಗಿ ಕೇಳಲಿಕ್ಕಾ, ಅಥವಾ ಸಾವಿರಾರು ಜನರ ಜೊತೆ ಸೇರಿ ಕುಣಿದು ಹಾಡಲಿಕ್ಕಾ? ಮೂರೂ ಒಳ್ಳೆಯ ಕಾರಣಗಳೇ. ಆದರೆ ಮೂರೂ ಒಂದೇ ಜಾಗದಲ್ಲಿ ಸಿಗುವುದು ತುಂಬಾ ಅಪರೂಪ.

ಜಾಗ ಎಷ್ಟು ದೊಡ್ಡದು?

ಇನ್ನೂರು ಮುನ್ನೂರು ಜನ ಹಿಡಿಸುವ ಸಣ್ಣ ಜಾಗ ಒಂದು ಕಡೆ. ಇಲ್ಲಿ ಕೊನೆಯಲ್ಲಿ ನಿಂತರೂ ಕಲಾವಿದರ ಮುಖ ಕಾಣುತ್ತದೆ. ಡ್ರಮ್ ಮತ್ತು ಗಿಟಾರ್‌ನ ಸದ್ದು ಸ್ಪೀಕರ್ ಮೂಲಕ ಮಾತ್ರವಲ್ಲ, ನೇರವಾಗಿಯೂ ಕಿವಿಗೆ ಬರುತ್ತದೆ. ಹಾಡುಗಾರರು ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬಹುದು. ಈ ಹತ್ತಿರದ ಸುಖ ಬೇರೆಲ್ಲೂ ಸಿಗುವುದಿಲ್ಲ. ಆದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಸದ್ದು ಜಾಸ್ತಿ ಅನ್ನಿಸಿದರೆ ಹಿಂದೆ ಸರಿದರೂ ಹತ್ತು ಹೆಜ್ಜೆ ಅಷ್ಟೇ. ಬಹುತೇಕ ಕಡೆ ಕುರ್ಚಿ ಇರುವುದಿಲ್ಲ. ಸೆಕೆ ಇರುತ್ತದೆ.

ಸಾವಿರದಿಂದ ಮೂರು ಸಾವಿರ ಜನ ಕೂರುವ ಸಭಾಂಗಣ ಇನ್ನೊಂದು. ಮೊದಲ ಸಲ ಹೋಗುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಇಂಥವುಗಳಲ್ಲಿ ಹೆಚ್ಚಿನವನ್ನು ಸಂಗೀತ ಅಥವಾ ನಾಟಕಕ್ಕೆಂದೇ ಕಟ್ಟಿರುತ್ತಾರೆ. ನೆಲ ಹಿಂದಕ್ಕೆ ಹೋದಂತೆ ಏರುತ್ತದೆ, ಮುಂದಿನವರ ತಲೆ ಅಡ್ಡ ಬರುವುದಿಲ್ಲ. ನಿಮ್ಮ ಕುರ್ಚಿ ನಿಮ್ಮದೇ, ಕ್ಯೂನಲ್ಲಿ ಒದ್ದಾಡಬೇಕಿಲ್ಲ.

ಆಮೇಲೆ ಹತ್ತಿಪ್ಪತ್ತು ಸಾವಿರ ಜನರ ಒಳಾಂಗಣ ಕ್ರೀಡಾಂಗಣ. ಇವನ್ನು ಕಟ್ಟುವುದೇ ಆಟಕ್ಕೆ. ಕಾಂಕ್ರೀಟ್ ಗೋಡೆ, ಎತ್ತರದ ಸೂರು. ಸದ್ದು ಅಲ್ಲಿ ಇಲ್ಲಿ ಬಡಿದು ವಾಪಸ್ ಬರುತ್ತದೆ. ದಪ್ಪ ದನಿಯ ಸದ್ದುಗಳು ಒಂದರ ಮೇಲೊಂದು ಸೇರಿ ಕಲಸಿದಂತೆ ಕೇಳುತ್ತವೆ. ಒಳ್ಳೆಯ ಇಂಜಿನಿಯರ್ ಇದ್ದರೆ ಇಲ್ಲೂ ಚೆನ್ನಾಗಿ ಕೇಳಿಸಬಹುದು. ಆದರೆ ಇಯರ್‌ಫೋನ್‌ನಲ್ಲಿ ಕೇಳಿದಷ್ಟು ಬಿಡಿಬಿಡಿಯಾಗಿ ಕೇಳಿಸಬೇಕು ಎಂದು ಬಯಸಿ ಹೋದರೆ ನಿರಾಸೆ ಆಗುತ್ತದೆ.

ಇನ್ನು ತೆರೆದ ಸ್ಟೇಡಿಯಂ. ಇದರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ಎಂಬ ಬ್ರಿಟಿಷ್ ಬ್ಯಾಂಡ್‌ನವರು ಹಾಡಿದರು. ಸುಮಾರು 55,600 ಜನ ಸೇರಿದ್ದರು. ಆ ಪ್ರವಾಸಕ್ಕೆಂದೇ 100 ವ್ಯಾಟ್‌ನ ಆಂಪ್ಲಿಫೈಯರ್ ಮಾಡಿಸಿದ್ದರು. ಹಾಡಿನ ದನಿ ಹೋಗಿದ್ದು ಆಟದ ಪ್ರಕಟಣೆಗೆ ಬಳಸುವ ಸ್ಪೀಕರ್‌ಗಳ ಮೂಲಕ. ಜನರ ಕೂಗಿನ ಮುಂದೆ ಅದು ಏನೂ ಆಗಲಿಲ್ಲ. ತಾವು ಏನು ನುಡಿಸುತ್ತಿದ್ದೇವೆ ಎಂಬುದು ಬೀಟಲ್ಸ್‌ಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಸುಮಾರು ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಬಂದವರು ಕೇಳಿದ್ದು ಹಾಡಿಗಿಂತ ಹೆಚ್ಚಾಗಿ ಒಬ್ಬರ ಕಿರುಚಾಟ ಇನ್ನೊಬ್ಬರು. ಆದರೂ ಅಲ್ಲಿದ್ದವರು ಆ ರಾತ್ರಿಯನ್ನು ಮರೆಯಲಿಲ್ಲ. ಅವರು ಸೇರಲು ಹೋಗಿದ್ದರು, ಸೇರಿದರು.

ಈಗಿನ ಸ್ಟೇಡಿಯಂ ಹಾಗಿಲ್ಲ. ಸ್ಪೀಕರ್‌ಗಳು ಸಾಲಾಗಿ ತೂಗುತ್ತವೆ, ದೊಡ್ಡ ಪರದೆ ಇರುತ್ತದೆ. ಆದರೂ ಒಂದು ವಿಷಯವನ್ನು ಯಾರೂ ಬದಲಿಸಲಾಗದು. ಗಾಳಿಯಲ್ಲಿ ಸದ್ದು ಓಡುವುದು ಸೆಕೆಂಡಿಗೆ ಸುಮಾರು 343 ಮೀಟರ್ ಮಾತ್ರ. ನೀವು ಸ್ಟೇಜಿನಿಂದ 100 ಮೀಟರ್ ದೂರದಲ್ಲಿದ್ದರೆ ಅಲ್ಲಿನ ಸದ್ದು ನಿಮ್ಮನ್ನು ಮುಟ್ಟಲು ಸುಮಾರು 0.3 ಸೆಕೆಂಡ್ ಬೇಕು. ಡ್ರಮ್ ಮೇಲೆ ಕೋಲು ಬಿದ್ದದ್ದು ಮೊದಲು ಕಾಣುತ್ತದೆ, ಆಮೇಲೆ ಕೇಳುತ್ತದೆ. ಮೈದಾನದ ನಡುವೆ ಕಂಬಗಳ ಮೇಲೆ ಸ್ಪೀಕರ್ ಇಟ್ಟಿರುವುದನ್ನು ನೋಡಿರಬಹುದು. ಅವುಗಳ ಸದ್ದನ್ನು ಬೇಕೆಂದೇ ಒಂದಿಷ್ಟು ತಡಮಾಡಿ ಬಿಡುತ್ತಾರೆ. ಮುಂದಿನಿಂದ ಬರುವ ಸದ್ದೂ ಇದೂ ಒಟ್ಟಿಗೆ ಕಿವಿಗೆ ಬೀಳಲಿ ಎಂದು. ಹಾಗಾಗಿ ಸ್ಟೇಡಿಯಂನಲ್ಲಿ ಹಿಂದಿನ ಟಿಕೆಟ್ ಸಿಕ್ಕಿದರೆ ಇಂಥ ಕಂಬದ ಹತ್ತಿರ, ಅದರ ಎದುರಿಗೆ ಇರುವ ಜಾಗ ಹುಡುಕಿ. ಮಾತು ತಿಳಿಯಾಗಿ ಕೇಳುತ್ತದೆ. ಕಂಬದ ಹಿಂದೆ ಮಾತ್ರ ನಿಲ್ಲಬೇಡಿ.

ಕೊನೆಯದು ಬಯಲಿನ ಸಂಗೀತೋತ್ಸವ. ಒಂದು ದಿನ, ಎರಡು ದಿನ, ಮೂರು ದಿನ. ಹತ್ತಾರು ಕಲಾವಿದರು. ಒಬ್ಬರಿಗಾಗಿ ಮಾತ್ರ ಹೋಗುವವರಿಗೆ ಇದು ಒಗ್ಗುವುದಿಲ್ಲ. ಹೊಸಬರನ್ನು ಕೇಳಬೇಕು, ಅಲೆಯಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಗಾಳಿ ಬೀಸಿದರೆ ದೂರದಲ್ಲಿ ನಿಂತವರಿಗೆ ಸದ್ದು ಬಂದೂ ಹೋಗಿಯೂ ಆಗುತ್ತದೆ. ಮಳೆ ಬಂದರೆ ಕೆಸರು. ವೇಳಾಪಟ್ಟಿಯನ್ನು ಪೂರ್ತಿ ನಂಬಲಾಗದು. 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕೊನೆಯಲ್ಲಿ ನುಡಿಸಬೇಕಿತ್ತು. ತಡವಾಗಿ ತಡವಾಗಿ, ಅವರು ಸ್ಟೇಜ್ ಹತ್ತಿದ್ದು ಸೋಮವಾರ ಬೆಳಿಗ್ಗೆ. ಅಷ್ಟೊತ್ತಿಗೆ ಬಂದಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಲ್ಲಿ ಬಹುತೇಕರು ಮನೆ ದಾರಿ ಹಿಡಿದಿದ್ದರು.

ಆ ಜಾಗದಲ್ಲಿ ನೀವೆಲ್ಲಿ?

ಇದು ನನಗೆ ತುಂಬಾ ಹತ್ತಿರದ ವಿಷಯ. ಯಾಕೆಂದರೆ ಇಲ್ಲೇ ಹೆಚ್ಚು ಜನ ದುಡ್ಡು ಕೊಟ್ಟು ಮೋಸ ಹೋದಂತೆ ಬೇಸರ ಪಡುತ್ತಾರೆ.

ಮುಂದಿನ ಕಂಬಿ. ನೋಡುವವರಿಗೆ ಸ್ವರ್ಗ. ಆದರೆ ದೊಡ್ಡ ಸ್ಪೀಕರ್‌ಗಳು ಸ್ಟೇಜಿನ ಎರಡು ಪಕ್ಕದಲ್ಲಿ ಎತ್ತರದಲ್ಲಿರುತ್ತವೆ, ಅವುಗಳ ಮುಖ ಹಿಂದಿನ ಜನರ ಕಡೆಗೆ. ಕಂಬಿಯ ನಡುವೆ ನಿಂತವರ ತಲೆ ಮೇಲಿಂದ ಹಾಡಿನ ದನಿ ದಾಟಿ ಹೋಗುತ್ತದೆ. ಸ್ಟೇಜಿನ ಅಂಚಿನಲ್ಲಿ ಸಣ್ಣ ಸ್ಪೀಕರ್ ಇಟ್ಟು ಇದನ್ನು ಸರಿಮಾಡುವವರೂ ಇದ್ದಾರೆ, ಎಲ್ಲ ಕಡೆ ಅಲ್ಲ. ದಪ್ಪ ಸದ್ದಿನ ಸ್ಪೀಕರ್‌ಗಳನ್ನು ಮಾತ್ರ ಸಾಮಾನ್ಯವಾಗಿ ನೆಲದ ಮೇಲೇ, ಸ್ಟೇಜಿನ ಮುಂದೆ ಇಡುತ್ತಾರೆ. ಹಾಗಾಗಿ ಮುಂದೆ ನಿಂತವರ ಎದೆ, ಹೊಟ್ಟೆ ಎಲ್ಲ ನಡುಗುತ್ತದೆ. ಅದೇ ಬೇಕು ಎನ್ನುವವರಿಗೆ ಅದೇ ಸುಖ. ಇನ್ನೊಂದು ಮಾತು: ಒಮ್ಮೆ ಕಂಬಿ ಹಿಡಿದರೆ ನಾಲ್ಕೈದು ಗಂಟೆ ಅಲ್ಲಾಡಲಾಗದು. ಬಾತ್‌ರೂಮಿಗೆ ಹೋದರೆ ಜಾಗ ಹೋಯಿತು.

ಕಂಬಿಯ ಹಿಂದಿನ ನಿಲ್ಲುವ ಗುಂಪು. ಎತ್ತರದವರಿಗೆ ಇದು ಸರಿ. ಗಿಡ್ಡ ಇರುವವರಿಗೆ ಮೂರು ಗಂಟೆ ಬೇರೆಯವರ ಬೆನ್ನು ಮತ್ತು ಎತ್ತಿದ ಫೋನುಗಳು. ನಾನು ಗಿಡ್ಡ, ಹಾಗಾಗಿ ಕಷ್ಟಪಟ್ಟು ಕಲಿತದ್ದು ಹೇಳುತ್ತೇನೆ. ನಡುವೆ ಸಿಕ್ಕಿಕೊಳ್ಳುವ ಬದಲು ಒಂದು ಪಕ್ಕಕ್ಕೆ ಸರಿಯಿರಿ. ಅಲ್ಲಿ ಗುಂಪು ತೆಳುವಾಗಿರುತ್ತದೆ, ಓರೆಯಾಗಿಯಾದರೂ ಸ್ಟೇಜ್ ಕಾಣುತ್ತದೆ, ಹೊರಗೆ ಹೋಗಲು ದಾರಿಯೂ ಇರುತ್ತದೆ.

ಸೌಂಡ್ ಇಂಜಿನಿಯರ್ ಇರುವ ಕಟ್ಟೆಯ ಸುತ್ತ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯ ಜಾಗ ಇದೇ. ಇಂಜಿನಿಯರ್ ಗುಂಡಿ ತಿರುಗಿಸಿ, ಗಿಟಾರ್ ಎಷ್ಟು, ದನಿ ಎಷ್ಟು ಎಂದು ಹದ ಮಾಡುವುದು ಅಲ್ಲಿ ನಿಂತು, ಅಲ್ಲಿಗೆ ಬಂದ ಸದ್ದನ್ನು ಕೇಳಿಕೊಂಡು. ಅಂದರೆ ಅವರ ಕಿವಿಗೆ ಬಿದ್ದದ್ದೇ ನಿಮ್ಮ ಕಿವಿಗೂ ಬೀಳುತ್ತದೆ. ಎರಡೂ ಕಡೆಯ ಸ್ಪೀಕರ್‌ಗಳು ಅಲ್ಲಿಗೆ ಸಮನಾಗಿ ಮುಟ್ಟುತ್ತವೆ. ಸೀಟು ಇರುವ ಕಡೆಯಾದರೆ ನಕ್ಷೆಯಲ್ಲಿ ಆ ಕಟ್ಟೆ ಎಲ್ಲಿದೆ ಎಂದು ನೋಡಿ, ಅದರ ಮುಂದಿನ ಅಥವಾ ಅಕ್ಕಪಕ್ಕದ ಸೀಟು ತೆಗೆಯಿರಿ. ಸರಿಯಾಗಿ ಹಿಂದಿನದಾದರೆ ಕಟ್ಟೆ, ದೀಪದ ಯಂತ್ರ ಅಡ್ಡ ಬರಬಹುದು.

ಪಕ್ಕದ ಮೆಟ್ಟಿಲು ಸೀಟುಗಳು. ದೊಡ್ಡ ಒಳಾಂಗಣದಲ್ಲಿ ಕೆಳಗಿನ ಹಂತದ ಪಕ್ಕದ ಸೀಟು ಜನ ಅಂದುಕೊಂಡದ್ದಕ್ಕಿಂತ ಚೆನ್ನಾಗಿರುತ್ತದೆ. ಸ್ಟೇಜ್ ಹತ್ತಿರ, ನೋಟ ಎತ್ತರದಿಂದ, ಎದುರಿಗೆ ತಲೆಗಳಿಲ್ಲ. ಆದರೆ ಸ್ಟೇಜಿನ ಗೆರೆಗಿಂತ ಹಿಂದಕ್ಕೆ ಹೋಗಬೇಡಿ. ಆಗ ಪರದೆ ಕಾಣುವುದಿಲ್ಲ, ತೂಗುವ ಸ್ಪೀಕರ್‌ನ ಬೆನ್ನು ಕಾಣುತ್ತದೆ. ತೆಳು ದನಿಯ ಸದ್ದು ಸ್ಪೀಕರ್‌ನ ಮುಖ ಎತ್ತ ಇದೆಯೋ ಅತ್ತಲೇ ಹೋಗುತ್ತದೆ. ದಪ್ಪ ದನಿ ಸುತ್ತಲೂ ಹರಡುತ್ತದೆ. ಹಿಂದೆ ಕೂತವರಿಗೆ ಬರೀ ಧಡ್ ಧಡ್ ಕೇಳುವುದು ಅದಕ್ಕೇ. ಟಿಕೆಟ್ ಮೇಲೆ "ನೋಟಕ್ಕೆ ಅಡ್ಡಿ ಇದೆ" ಎಂಬ ಅರ್ಥದ ಮಾತು ಸಣ್ಣ ಅಕ್ಷರದಲ್ಲಿದ್ದರೆ ನಂಬಿ, ಅದು ನಿಜವೇ ಇರುತ್ತದೆ.

ಬಾಲ್ಕನಿ. ಮುಂದಿನ ಸಾಲುಗಳಲ್ಲಿ ಸದ್ದು ಚೆನ್ನ, ಬೆಳಕಿನ ಆಟ ಪೂರ್ತಿಯಾಗಿ ಕಾಣುತ್ತದೆ. ಆದರೆ ಬಾಲ್ಕನಿಯ ಕೆಳಗೆ, ಸೂರು ತಲೆಗೆ ತಾಗುವಂತಿರುವ ಹಿಂದಿನ ಸೀಟುಗಳಿವೆ ನೋಡಿ, ಅವು ಬೇಡ. ಸದ್ದು ಅಲ್ಲಿಗೆ ಮಂಕಾಗಿ ಬರುತ್ತದೆ.

ಮೈಕ್ ಇಲ್ಲದ ಸಂಗೀತಕ್ಕೆ ಲೆಕ್ಕ ಬೇರೆ

ಇಲ್ಲಿಯವರೆಗೆ ಹೇಳಿದ್ದು ಸ್ಪೀಕರ್ ಮೂಲಕ ಬರುವ ಸಂಗೀತಕ್ಕೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆರ್ಕೆಸ್ಟ್ರಾದಂತಹ, ಮೈಕ್ ಇಲ್ಲದ ಕನ್ಸರ್ಟ್‌ನಲ್ಲಿ ಸಭಾಂಗಣವೇ ಒಂದು ವಾದ್ಯ. ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಭಾಂಗಣ 1870ರದು, ಉದ್ದನೆಯ ಶೂ ಪೆಟ್ಟಿಗೆಯ ಆಕಾರ. ಪಕ್ಕದ ಗೋಡೆಗಳಿಂದ ಸದ್ದು ಬೇಗ ವಾಪಸ್ ಬಂದು ನಮ್ಮನ್ನು ಸುತ್ತಿಕೊಳ್ಳುತ್ತದೆ. ಒಂದು ಸ್ವರ ನಿಂತ ಮೇಲೂ ಸುಮಾರು 2 ಸೆಕೆಂಡ್ ಗಾಳಿಯಲ್ಲಿ ಉಳಿಯುತ್ತದೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್‌ಗೆ ವಾಲೆಸ್ ಸಬೈನ್ ಎಂಬ ಭೌತವಿಜ್ಞಾನಿ ಲೆಕ್ಕ ಹಾಕಿಕೊಟ್ಟರು. ಅದಕ್ಕೂ ಮುಂಚೆ ಅವರು ರಾತ್ರಿಯೆಲ್ಲ ಕೂತು, ಒಂದು ಉಪನ್ಯಾಸ ಕೊಠಡಿಗೆ ಸೀಟಿನ ದಿಂಬುಗಳನ್ನು ತಂದು ಹರಡಿ, ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಎಂದು ಅಳೆದಿದ್ದರು. ದಿಂಬು ಸದ್ದನ್ನು ಹೀರಿಕೊಳ್ಳುತ್ತದೆ. ಬಟ್ಟೆ ತೊಟ್ಟ ಮನುಷ್ಯರೂ ಹೀರಿಕೊಳ್ಳುತ್ತಾರೆ. ಖಾಲಿ ಸಭಾಂಗಣದಲ್ಲಿ ಹದ ಮಾಡಿದ ಸದ್ದು ಜನ ತುಂಬಿದ ಮೇಲೆ ಬೇರೆಯಾಗುವುದು ಇದರಿಂದಲೇ. ಇದು ಸ್ಪೀಕರ್ ಇರುವ ಕಡೆಗೂ ನಿಜ. ಮೊದಲ ಒಂದೆರಡು ಹಾಡು ಒರಟಾಗಿ ಕೇಳಿಸಿದರೆ ಗಾಬರಿ ಬೇಡ, ಇಂಜಿನಿಯರ್ ಸರಿಮಾಡುತ್ತಿರುತ್ತಾರೆ.

ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ 1871ರಲ್ಲಿ ತೆರೆದಾಗ ಅದರ ಗುಮ್ಮಟದಿಂದ ಕೆಟ್ಟ ಪ್ರತಿಧ್ವನಿ ಬರುತ್ತಿತ್ತು. 1969ರಲ್ಲಿ ಸೂರಿನಿಂದ ಅಣಬೆಯಂಥ ದೊಡ್ಡ ತಟ್ಟೆಗಳನ್ನು ತೂಗುಬಿಟ್ಟ ಮೇಲೆ ಅದು ಬಹಳ ಮಟ್ಟಿಗೆ ಕಡಿಮೆಯಾಯಿತು. ನೂರು ವರ್ಷ ಹತ್ತಿರ ಹತ್ತಿರ ಜನ ಅದನ್ನು ಸಹಿಸಿಕೊಂಡೇ ಕೇಳಿದರು.

ಬರ್ಲಿನ್ ಫಿಲ್‌ಹಾರ್ಮೊನಿ 1963ರದು, ಹ್ಯಾನ್ಸ್ ಶರೂನ್ ಕಟ್ಟಿದ್ದು. ಅಲ್ಲಿ ಆರ್ಕೆಸ್ಟ್ರಾ ನಡುವೆ, ಜನ ಸುತ್ತಲೂ ದ್ರಾಕ್ಷಿ ತೋಟದ ಮೆಟ್ಟಿಲುಗಳಂತೆ. ಇಂಥ ಸಭಾಂಗಣದಲ್ಲಿ ಆರ್ಕೆಸ್ಟ್ರಾ ಹಿಂದಿನ ಸೀಟು ಸಿಗುತ್ತದೆ. ತೆಗೆದುಕೊಳ್ಳಬಹುದಾ? ಬರೀ ವಾದ್ಯಗಳ ಕಾರ್ಯಕ್ರಮವಾದರೆ ಖಂಡಿತ ತೆಗೆದುಕೊಳ್ಳಿ. ಕೈಸನ್ನೆಯಿಂದ ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್‌ನ ಮುಖ, ಕೈ, ಕಣ್ಣು ಎಲ್ಲ ಕಾಣುತ್ತದೆ. ನನಗೆ ಅದನ್ನು ನೋಡುತ್ತಲೇ ಸಂಗೀತ ಅರ್ಥವಾಗಲು ಶುರುವಾಯಿತು. ಆದರೆ ಗಾಯಕರಿದ್ದರೆ ಬೇಡ, ಅವರ ದನಿ ಆಚೆ ಹೋಗುತ್ತದೆ. ಪಿಯಾನೊ ಇದ್ದರೂ ಯೋಚಿಸಿ, ಅದರ ಮುಚ್ಚಳ ತೆರೆಯುವುದು ಎದುರಿನವರ ಕಡೆಗೆ. ಮುಂದಿನ ಎರಡು ಸಾಲೂ ಅಷ್ಟೇನೂ ಒಳ್ಳೆಯದಲ್ಲ. ಪಿಟೀಲುಗಳು ಮಾತ್ರ ಜೋರಾಗಿ ಕೇಳುತ್ತವೆ, ಹಿಂದಿನ ಊದುವ ವಾದ್ಯ ನುಡಿಸುವವರು ಕಾಣುವುದೇ ಇಲ್ಲ. ನಡುವಿನ ಸಾಲು ಅಥವಾ ಮೊದಲ ಬಾಲ್ಕನಿ ಒಳ್ಳೆಯದು.

ಚಪ್ಪಾಳೆ ಯಾವಾಗ ತಟ್ಟಬೇಕು ಎಂಬ ಭಯ ಎಲ್ಲರಿಗೂ ಇರುತ್ತದೆ. ಸಿಂಫನಿ ಎಂದರೆ ಆರ್ಕೆಸ್ಟ್ರಾ ನುಡಿಸುವ ದೊಡ್ಡ ಕೃತಿ, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ. ಈಗಿನ ರೂಢಿಯಲ್ಲಿ ಭಾಗಗಳ ನಡುವೆ ತಟ್ಟುವುದಿಲ್ಲ, ಎಲ್ಲ ಮುಗಿದು ಕಂಡಕ್ಟರ್ ಕೈ ಇಳಿಸಿ ತಿರುಗಿದ ಮೇಲೆ ತಟ್ಟುತ್ತಾರೆ. ಅನುಮಾನವಿದ್ದರೆ ಬೇರೆಯವರು ಶುರುಮಾಡಲಿ ಎಂದು ಕಾಯಿರಿ. ತಪ್ಪಿ ತಟ್ಟಿಬಿಟ್ಟರೂ ನಾಚಿಕೆ ಪಡಬೇಡಿ. 1813ರ ಡಿಸೆಂಬರ್‌ನಲ್ಲಿ ವಿಯೆನ್ನಾದಲ್ಲಿ ಬೀತೊವನ್‌ನ ಏಳನೇ ಸಿಂಫನಿ ಮೊದಲ ಸಲ ನುಡಿಸಿದಾಗ ಜನರಿಗೆ ಎರಡನೇ ಭಾಗ ಎಷ್ಟು ಹಿಡಿಸಿತೆಂದರೆ ಅದನ್ನೇ ಇನ್ನೊಮ್ಮೆ ನುಡಿಸಬೇಕಾಯಿತು. ಆಗಿನವರು ಮೆಚ್ಚಿದ್ದನ್ನು ಅಲ್ಲೇ ಹೇಳುತ್ತಿದ್ದರು.

ಇಲ್ಲಿ ತಡವಾಗಿ ಹೋಗಬೇಡಿ. ಬಾಗಿಲು ಹಾಕಿದರೆ ಆ ಕೃತಿ ಮುಗಿಯುವವರೆಗೆ ಹೊರಗೇ. ಫೋನ್ ಪೂರ್ತಿ ಆಫ್. ಕೆಮ್ಮು ಬರುವವರು ಗಂಟಲಿಗೆ ಒಂದು ಗುಳಿಗೆ ಇಟ್ಟುಕೊಳ್ಳಿ, ಅದರ ಕಾಗದವನ್ನು ಮುಂಚೆಯೇ ಬಿಚ್ಚಿಟ್ಟಿರಿ.

ಕಿವಿ

ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ, ಹಾಗಾಗಿ ನಾನು ಎಲ್ಲರಿಗೂ ಹೇಳುತ್ತೇನೆ. ಅಮೆರಿಕದ ಕೆಲಸದ ಜಾಗಗಳ ಆರೋಗ್ಯ ನೋಡಿಕೊಳ್ಳುವ ನಯೋಶ್ ಸಂಸ್ಥೆಯ ಲೆಕ್ಕ ಹೀಗಿದೆ: 85 ಡೆಸಿಬೆಲ್ (ಸದ್ದು ಎಷ್ಟು ಜೋರು ಎಂಬುದರ ಅಳತೆ) ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅದಕ್ಕಿಂತ 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೇ ಹೋದರೆ 100 ಡೆಸಿಬೆಲ್‌ಗೆ ಬರೀ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಕಾರ್ಯಕ್ರಮಗಳಿಗೆ ಒಂದು ಮಾನದಂಡ ಹೊರಡಿಸಿತು. ಸರಾಸರಿ ಸದ್ದು 100 ಡೆಸಿಬೆಲ್ ದಾಟಬಾರದು, ಕಿವಿಗೆ ರಕ್ಷಣೆ ಸಿಗುವಂತಿರಬೇಕು, ಸುಮ್ನೆ ಕೂರಲು ಸದ್ದಿಲ್ಲದ ಜಾಗ ಇರಬೇಕು ಎಂದು ಅದರಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾನದಂಡ ಪಾಲಿಸಿದ ಕನ್ಸರ್ಟ್‌ನಲ್ಲೂ ಎರಡು ಗಂಟೆ ಬರಿಗಿವಿಯಲ್ಲಿ ನಿಲ್ಲುವುದು ಜಾಸ್ತಿಯೇ ಆಯಿತು, ಅಲ್ವಾ?

ಹಾಗಾಗಿ ಇಯರ್‌ಪ್ಲಗ್. ಎರಡು ಥರ ಸಿಗುತ್ತದೆ. ಮೆತ್ತನೆಯ ಫೋಮ್‌ನದು ಸದ್ದನ್ನು ತುಂಬಾ ತಗ್ಗಿಸುತ್ತದೆ. ಆದರೆ ತೆಳು ದನಿಗಳನ್ನೇ ಹೆಚ್ಚು ತಿನ್ನುವುದರಿಂದ ಹಾಡು ಕಂಬಳಿ ಹೊದ್ದಂತೆ ಕೇಳುತ್ತದೆ. ಸಂಗೀತಕ್ಕೆಂದೇ ಮಾಡಿದ್ದು ಎಲ್ಲ ದನಿಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ. ವರ್ಷಕ್ಕೆ ಎರಡು ಸಲವಾದರೂ ಹೋಗುವವರು ಎರಡನೆಯದನ್ನೇ ಕೊಳ್ಳಿ. ಇಲ್ಲವಾದರೆ ಫೋಮ್ ಸಾಕು. ಅದನ್ನು ಬೆರಳಲ್ಲಿ ಹೊಸೆದು ತೆಳುಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಒಳಗೆ ತೂರಿಸಿ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಸುಮ್ನೆ ಕಿವಿಯ ತೂತಿನ ಅಂಚಿಗೆ ಸಿಕ್ಕಿಸಿದರೆ ಕೆಲಸ ಮಾಡುವುದಿಲ್ಲ. ಪ್ಲಗ್ ಹಾಕಿದರೆ ಮಜಾ ಹೋಗುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ನಿಜಕ್ಕೂ ಜೋರು ಸದ್ದಿನ ಜಾಗದಲ್ಲಿ ಹಾಡಿನ ಮಾತು ಪ್ಲಗ್ ಹಾಕಿದಾಗಲೇ ಬಿಡಿಸಿ ಕೇಳಿತು.

ಮಕ್ಕಳನ್ನು ಕರೆದೊಯ್ದರೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್‌ನಂಥ ಕವಚ ಹಾಕಿಸಿ. ಇದರಲ್ಲಿ ರಾಜಿ ಬೇಡ. ಮಿಣಮಿಣ ಹೊಡೆಯುವ ಬೆಳಕಿನಿಂದ ಫಿಟ್ಸ್ ಬರುವವರು ಮೊದಲೇ ಆಯೋಜಕರನ್ನು ಕೇಳಿ ತಿಳಿದುಕೊಳ್ಳಿ.

ನಿಂತುಕೊಳ್ಳುವ ಟಿಕೆಟ್ಟೋ, ಸೀಟೋ?

ನಿಲ್ಲುವ ಕಡೆ ಸಿಗುವ ಖುಷಿ ನಿಜ. ಪಕ್ಕದವರ ಪರಿಚಯವಿಲ್ಲ, ಆದರೂ ಹೆಗಲಿಗೆ ಕೈ ಹಾಕಿ ಒಟ್ಟಿಗೆ ಹಾಡುತ್ತೀರಿ. ಸೀಟಿನಲ್ಲಿ ಅದು ಅಷ್ಟು ಸುಲಭವಾಗಿ ಆಗುವುದಿಲ್ಲ. ಆದರೆ ಗುಂಪಿನ ಅಪಾಯವೂ ನಿಜ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ "ದ ಹೂ" (The Who) ಎಂಬ ಬ್ಯಾಂಡ್‌ನ ಕನ್ಸರ್ಟ್‌ಗೆ ಬಂದ 11 ಜನ ಬಾಗಿಲ ಹೊರಗೆ ನೂಕುನುಗ್ಗಲಿನಲ್ಲಿ ಸತ್ತರು. ಸೀಟು ಗೊತ್ತುಮಾಡಿರದ ಟಿಕೆಟ್‌ಗಳೇ ಹೆಚ್ಚಿದ್ದವು, ಮೊದಲು ಹೋದವರಿಗೆ ಮುಂದಿನ ಜಾಗ. ತೆರೆದ ಬಾಗಿಲುಗಳು ಕಡಿಮೆ. ಆ ನಗರ ಅಂಥ ಟಿಕೆಟ್‌ಗಳನ್ನು 2004ರವರೆಗೆ ನಿಷೇಧಿಸಿತ್ತು. 2021ರ ನವೆಂಬರ್ 5ರಂದು ಹ್ಯೂಸ್ಟನ್‌ನ ಆಸ್ಟ್ರೋವರ್ಲ್ಡ್ ಉತ್ಸವದ ನೂಕುನುಗ್ಗಲಿಗೆ 10 ಜನ ಬಲಿಯಾದರು. ಇಂಥ ಕಡೆ ಜನ ಸಾಯುವುದು ಹೆಚ್ಚಾಗಿ ಕಾಲ್ತುಳಿತದಿಂದ ಅಲ್ಲ. ಎದೆ ಒತ್ತಿ ಉಸಿರಾಡಲು ಆಗದೆ, ನಿಂತಲ್ಲೇ.

ಒಂದು ಚದರ ಮೀಟರ್‌ನಲ್ಲಿ 5ಕ್ಕಿಂತ ಜಾಸ್ತಿ ಜನ ಆದರೆ ಅಪಾಯ ಶುರು. ಅಳೆಯಲು ಆಗುವುದಿಲ್ಲ, ಆದರೆ ಗುರುತಿಸಬಹುದು. ಸುತ್ತಲೂ ಎಲ್ಲ ಕಡೆಯಿಂದ ಮೈ ತಾಗುತ್ತಿದೆಯಾ? ಮುಖ ಮುಟ್ಟಿಕೊಳ್ಳಲು ಕೈ ಎತ್ತಲಾಗುತ್ತಿಲ್ಲವಾ? ಗುಂಪು ನೀರಿನ ಅಲೆಯಂತೆ ನಿಮ್ಮನ್ನು ಹೊತ್ತೊಯ್ಯುತ್ತಿದೆಯಾ? ಹಾಡು ಎಷ್ಟೇ ಇಷ್ಟದ್ದಾಗಿರಲಿ, ಆಗಲೇ ಹೊರಬನ್ನಿ. ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಉಳಿಸಿಕೊಳ್ಳಿ. ಅಲೆ ಬಂದಾಗ ಎದುರು ತಳ್ಳಬೇಡಿ. ಅದು ನಿಂತಾಗ ಓರೆಯಾಗಿ ಪಕ್ಕಕ್ಕೆ ಸರಿಯುತ್ತಾ ಹೋಗಿ. ಮುಂದಿನ ಕಂಬಿಯ ಹತ್ತಿರ ಇದ್ದರೆ ಅಲ್ಲಿರುವ ಸಿಬ್ಬಂದಿಗೆ ಕೈ ಚಾಚಿ, ಮೇಲೆತ್ತಿ ಹೊರಗೆ ಬಿಡುತ್ತಾರೆ.

ಸಣ್ಣ ಜಾಗಕ್ಕೂ ಒಂದು ಮಾತು. 2003ರ ಫೆಬ್ರವರಿ 20ರಂದು ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ ಸ್ಟೇಜಿನ ಬಾಣಬಿರುಸಿನಿಂದ ಗೋಡೆಯ ಫೋಮ್‌ಗೆ ಬೆಂಕಿ ಹತ್ತಿತು. 100 ಜನ ಸತ್ತರು. ಬೇರೆ ಬಾಗಿಲುಗಳಿದ್ದವು, ಆದರೆ ಹೆಚ್ಚಿನವರು ತಾವು ಒಳಗೆ ಬಂದ ಬಾಗಿಲಿಗೇ ನುಗ್ಗಿದರು. ಅದಕ್ಕೆ ನಾನು ಎಲ್ಲಿಗೆ ಹೋದರೂ ಮೊದಲು ಎರಡು ಬಾಗಿಲು ಹುಡುಕುತ್ತೇನೆ. ಒಂದು ನಿಮಿಷದ ಕೆಲಸ.

ಬೆನ್ನುನೋವು ಇರುವವರು, ಬಸುರಿಯರು, ವಯಸ್ಸಾದವರು, ಸಣ್ಣ ಮಕ್ಕಳು ಇದ್ದರೆ ಎರಡು ಮಾತಿಲ್ಲ, ಸೀಟು. ಅದೂ ದಾರಿ ಪಕ್ಕದ ಸೀಟು. ಗಾಲಿಕುರ್ಚಿ ಬಳಸುವವರು ಟಿಕೆಟ್ ತೆಗೆಯುವ ಮೊದಲೇ ಫೋನ್ ಮಾಡಿ. ಇಂಥ ಜಾಗಗಳು ಕಡಿಮೆ, ಬೇಗ ಮುಗಿಯುತ್ತವೆ. ಆ ಜಾಗದಿಂದ ಸ್ಟೇಜ್ ಕಾಣುತ್ತದಾ, ಎದುರಿನವರು ಎದ್ದು ನಿಂತಾಗಲೂ ಕಾಣುತ್ತದಾ ಎಂದು ಬಿಡಿಸಿ ಕೇಳಿ.

ಹೊತ್ತು ಮತ್ತು ಹಾಡುಗಳು

ಟಿಕೆಟ್ ಮೇಲಿನ ಹೊತ್ತು ಹಲವು ಸಲ ಬಾಗಿಲು ತೆರೆಯುವ ಹೊತ್ತು. ಮೊದಲು ಬೇರೆ ಕಲಾವಿದರು ಅರ್ಧ ಗಂಟೆ, ಮುಕ್ಕಾಲು ಗಂಟೆ ಹಾಡುತ್ತಾರೆ. ಆಮೇಲೆ ಸಾಮಾನು ಬದಲಿಸಲು ಇನ್ನೊಂದಿಷ್ಟು ಹೊತ್ತು. ನೀವು ಕಾಯುತ್ತಿರುವವರು ಬರುವಾಗ ಎರಡು ಗಂಟೆ ಆಗಿರಬಹುದು. ಸೀಟಿನವರು ತಡವಾಗಿ ಹೋಗಬಹುದು, ನಿಲ್ಲುವವರು ಹೋಗಲಾಗದು. ಆದರೂ ಮೊದಲು ಹಾಡುವವರನ್ನು ಬಿಡಬೇಡಿ ಎಂದು ನನ್ನ ಆಸೆ. ನಾನು ಈಗ ಪ್ರೀತಿಯಿಂದ ಕೇಳುವ ಇಬ್ಬರು ಸಿಕ್ಕಿದ್ದು ಹಾಗೇ. ಕೊನೆಯಲ್ಲಿ ಕಲಾವಿದರು ಒಳಗೆ ಹೋದ ತಕ್ಷಣ ಎದ್ದು ಹೊರಡಬೇಡಿ. ಸಭಾಂಗಣದ ದೀಪ ಹತ್ತದಿದ್ದರೆ ಅವರು ವಾಪಸ್ ಬರುತ್ತಾರೆ, ಎಲ್ಲರೂ ಕಾಯುವ ಹಾಡು ಹಲವು ಸಲ ಅದೇ ಇರುತ್ತದೆ.

ಹಾಡುಗಳ ಪಟ್ಟಿ ಮೊದಲೇ ನೋಡಬೇಕಾ? ಸೆಟ್‌ಲಿಸ್ಟ್ ಡಾಟ್ ಎಫ್‌ಎಂನಂಥ ತಾಣಗಳಲ್ಲಿ ಹಿಂದಿನ ರಾತ್ರಿಗಳಲ್ಲಿ ಏನು ಹಾಡಿದರು ಎಂಬುದು ಸಿಗುತ್ತದೆ. ಕಲಾವಿದರು ನಿಮಗೆ ಹೊಸಬರಾದರೆ ನೋಡಿ, ನಾಲ್ಕು ದಿನ ಕೇಳಿಕೊಂಡು ಹೋಗಿ. ಗೊತ್ತಿಲ್ಲದ ಹಾಡನ್ನು ಜೋರು ಸದ್ದಿನಲ್ಲಿ ಮೊದಲ ಸಲ ಹಿಡಿಯುವುದು ಕಷ್ಟ. ನಿಮಗೆ ಅವರ ಹಾಡೆಲ್ಲ ಬಾಯಿಪಾಠವಾಗಿದ್ದರೆ ನೋಡಬೇಡಿ. ಮೊದಲ ಎರಡು ಸ್ವರ ಕೇಳಿ "ಅಯ್ಯೋ ಇದೇ ಹಾಡು!" ಎಂದು ಮೈ ಜುಮ್ಮೆನ್ನುವುದಿದೆಯಲ್ಲ, ಅದನ್ನು ಯಾಕೆ ಕಳೆದುಕೊಳ್ಳುತ್ತೀರಿ?

ರೆಕಾರ್ಡಿಂಗ್‌ನಲ್ಲಿ ಕೇಳಿದ ಹಾಗೇ ಇರುವುದಿಲ್ಲ ಎಂಬುದನ್ನೂ ತಿಳಿದಿರಿ. ಹಾಡು ಸ್ವಲ್ಪ ವೇಗವಾಗಬಹುದು, ಶ್ರುತಿ ಇಳಿಸಿರಬಹುದು, ನಡುವೆ ಉಸಿರು ತಪ್ಪಬಹುದು. ದಿನ ಬಿಟ್ಟು ದಿನ ಊರೂರು ಸುತ್ತಿ ಹಾಡುವ ಗಂಟಲು ಅದು. ಫೋನಿನಲ್ಲಿ ಒಂದು ಹಾಡು ರೆಕಾರ್ಡ್ ಮಾಡಿಕೊಂಡು ಜೇಬಿಗೆ ಹಾಕಿ. ಜೋರು ಸದ್ದಿಗೆ ಫೋನಿನ ಮೈಕ್ ಒಡೆದ ದನಿಯನ್ನೇ ಹಿಡಿಯುತ್ತದೆ, ಹಿಂದಿನವರಿಗೂ ಪರದೆ ಅಡ್ಡ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗಿ ಒಂದು ದಿನ ಯೋಚಿಸಿದಳು. ಅವಳು ನನಗಿಂತಲೂ ಗಿಡ್ಡ. ಅವಳಿಗೆ ಬೇಕಾದದ್ದು ಆ ಹಾಡುಗಳ ಮಾತು, ಒಂದೊಂದೂ ಬರೆದಿಟ್ಟುಕೊಂಡಿದ್ದಾಳೆ. ಕೊನೆಗೆ ಮುಂದಿನ ಕಂಬಿ ಬಿಟ್ಟು, ಪಕ್ಕದ ಕೆಳಹಂತದಲ್ಲಿ ಇಂಜಿನಿಯರ್ ಕಟ್ಟೆಗೆ ನೇರವಾಗಿರುವ ಸೀಟು ತೆಗೆದಳು. ಅದು ಮುಂದಿನದಕ್ಕಿಂತ ಅಗ್ಗವೂ ಆಯಿತು. ಉಳಿದ ದುಡ್ಡಲ್ಲಿ ಒಂದು ಜೊತೆ ಒಳ್ಳೆಯ ಇಯರ್‌ಪ್ಲಗ್ ಕೊಂಡಿದ್ದಾಳೆ. ಮನೆಯಲ್ಲೇ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಾಳಂತೆ.